ಕೇಕಿನ ಕೆಂಪು ಯಾವುದರ ಕೆಂಪು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಮ್ಮ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬವೆಂದರೆ ಒಂದು ಕಾಲಕ್ಕೆ ಎಣ್ಣೆಸ್ನಾನ, ಲಿಂಗಪೂಜೆ, ಹಿರಿಯರಿಗೆ ನಮಸ್ಕಾರ, ಮಧ್ಯಾಹ್ನದ ಊಟಕ್ಕೊಂದು ಶಾವಿಗೆ ಪಾಯಸ ಇಷ್ಟರಲ್ಲಿಯೇ ಮುಗಿಯುತ್ತಿತ್ತು. ಇಂದು ಅವೆಲ್ಲದರ ಜೊತೆಗೆ ಸಂಜೆಯ ಕೇಕು ಸೇರಿಕೊಂಡಿದೆ. ಅದನ್ನು ಹಳಿಯುವ ಉದ್ದೇಶ ಈ ಲೇಖನದ್ದಲ್ಲ. ನಮ್ಮ ಗೃಹಿಣಿಯರು ಕೇಕನ್ನು ಮನೆಗೆ ಬರಮಾಡಿಕೊಂಡ ರೀತಿ ಮೆಚ್ಚತಕ್ಕದ್ದೇ ಆಗಿದೆ. ಅಂಗಡಿಯ ಕೇಕಿನಲ್ಲಿ ಮೊಟ್ಟೆ ಇದ್ದೀತೆಂಬ ಸಂಶಯದಿಂದಲೇ ಅನೇಕರು ಅದನ್ನು ಮನೆಯಲ್ಲಿ ಮಾಡಲು ಕಲಿತರು. ಕುಕ್ಕರಿನ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಟ್ಟು, ತಳದಲ್ಲಿ ಉಪ್ಪು ಇಲ್ಲವೆ ಮರಳು ಹರಡಿ, ಅದರ ಮೇಲೆ ತುಪ್ಪ ಸವರಿದ ಪಾತ್ರೆಯನ್ನಿಟ್ಟು, ಮೊಟ್ಟೆಯ ಬದಲು ಮೊಸರು ಮತ್ತು ಸೋಡಾ ಹಾಕಿ ಬೇಯಿಸಿದ ಆ ಮೊದಲ ಕೇಕುಗಳು ಒಂದು ಬದಿ ಉಬ್ಬಿ ಮತ್ತೊಂದು ಬದಿ ಕುಸಿದಿರುತ್ತಿದ್ದವು. ಆದರೆ ಅದರೊಳಗೆ ಏನೇನಿದೆ ಎಂಬುದು ಮಾಡಿದವಳಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಬಳಿಕ ಓವನ್ ಬಂದಿತು, ಕ್ರೀಮು ಬಂದಿತು, ಕ್ರೀಮಿನ ಗುಲಾಬಿ ಹೂ ಬಿಡಿಸುವ ನಳಿಕೆಗಳು ಬಂದವು. ಗುಲಾಬಿಗೆ ಕೆಂಪು ಬೇಕು, ಎಲೆಗೆ ಹಸಿರು ಬೇಕು ಎಂದಾಗ ಬಣ್ಣದ ಪೊಟ್ಟಣವೂ ಅಡಿಗೆಮನೆಯನ್ನು ಪ್ರವೇಶಿಸಿತು. ಅಕ್ಕಿಯನ್ನು ಆರಿಸಿ ನೋಡುವವರು, ಬೇಳೆಯನ್ನು ಕೇರುವವರು, ಸಕ್ಕರೆಯನ್ನೂ ಜರಡಿ ಹಿಡಿಯುವವರು ಈ ಒಂದು ಪದಾರ್ಥವನ್ನು ಮಾತ್ರ ಯಾವ ವಿಚಾರಣೆಯೂ ಇಲ್ಲದೆ ಒಳಕ್ಕೆ ಬಿಟ್ಟುಕೊಂಡೆವು.

ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುತ್ತೇನೆ. ಮಗಳ ಐದನೆಯ ಹುಟ್ಟುಹಬ್ಬಕ್ಕೆ ಬೇಕೆಂದು ಹಟ ಹಿಡಿದು ಕಡುಗೆಂಪು ಬಣ್ಣದ ಕೇಕು ಮಾಡಿದ್ದೆ. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಏನನ್ನೇ ಆಗಲಿ ಲಿಂಗಕ್ಕೆ ಅರ್ಪಿಸಿದ ಹೊರತು ಬಾಯಿಗಿಡುವವರಲ್ಲ. ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದೆ. ಸ್ವಲ್ಪ ಹೊತ್ತು ಅದನ್ನೇ ನೋಡಿ, “ಇದು ಯಾವುದರ ಕೆಂಪು ಕಣವ್ವ?” ಎಂದು ಕೇಳಿದರು. “ಬಣ್ಣ ಅತ್ತೆ, ಅಡಿಗೆಗೆ ಹಾಕೋದೇ” ಎಂದೆ. “ಬಣ್ಣ ಅಂದ್ರೆ ಯಾವುದರದು? ಹೂವಿಂದಾ, ಬೇರಿಂದಾ?” ನನ್ನಲ್ಲಿ ಉತ್ತರವಿರಲಿಲ್ಲ. ಪೊಟ್ಟಣವನ್ನು ಹುಡುಕಿ ತೆಗೆದು ನೋಡಿದರೆ ಸಣ್ಣದೊಂದು ಪ್ಲಾಸ್ಟಿಕ್ ಚೀಲ. ಅದರ ಮೇಲೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಅತ್ತೆಯವರು ಬೇಸರಿಸಿಕೊಳ್ಳಲಿಲ್ಲ. ಗೊತ್ತಿಲ್ಲದ್ದನ್ನು ಅರ್ಪಿಸುವುದು ಹೇಗೆ ಎಂದು ತಟ್ಟೆಯನ್ನು ಮೆಲ್ಲನೆ ಸರಿಸಿ ಅವಲಕ್ಕಿ ತಿಂದರು. ಮಕ್ಕಳ ತುಟಿಯ ಕೆಂಪು ಮರುದಿನದವರೆಗೂ ಹೋಗಿರಲಿಲ್ಲ. ಅಂದಿನಿಂದ ಈ ಬಣ್ಣಗಳ ಸಮಾಚಾರವನ್ನು ಓದಿ, ಕೇಳಿ ತಿಳಿಯತೊಡಗಿದೆ.

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ ಆಹಾರಕ್ಕೆ ಬಳಸಲು ಅನುಮತಿಯಿರುವ ಕೃತಕ ಬಣ್ಣಗಳು ಕೆಲವೇ ಕೆಲವು. ಹಳದಿಗೆ ಟಾರ್ಟ್ರಜೀನ್, ಕಿತ್ತಳೆ ಛಾಯೆಗೆ ಸನ್‌ಸೆಟ್ ಯೆಲ್ಲೊ, ಕೆಂಪಿಗೆ ಕಾರ್ಮೋಸಿನ್, ಪಾನ್ಸೊ 4ಆರ್, ಎರಿತ್ರೊಸಿನ್, ನೀಲಿಗೆ ಬ್ರಿಲಿಯಂಟ್ ಬ್ಲೂ ಮತ್ತು ಇಂಡಿಗೊ ಕಾರ್ಮೈನ್, ಹಸಿರಿಗೆ ಫಾಸ್ಟ್ ಗ್ರೀನ್. ಇವುಗಳನ್ನೂ ಎಲ್ಲ ಆಹಾರಕ್ಕೂ ಹಾಕುವಂತಿಲ್ಲ. ಕೇಕು, ಬಿಸ್ಕತ್ತು, ಐಸ್‌ಕ್ರೀಮು, ಸಿಹಿತಿಂಡಿ ಮುಂತಾದುವಕ್ಕೆ ಮಾತ್ರ, ಅದೂ ಮಿತಿಯೊಳಗೆ. ಆ ಮಿತಿ ಸಾಮಾನ್ಯವಾಗಿ ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ. ಒಂದು ಗ್ರಾಮಿನ ಹತ್ತನೆಯ ಒಂದು ಭಾಗವೆಂದರೆ ಎಷ್ಟೆಂಬುದನ್ನು ಊಹಿಸಿಕೊಳ್ಳಿ. ಎರಡು ಬೆರಳಿನ ತುದಿಯಲ್ಲಿ ನಾವು ಹಿಡಿಯುವ ಚಿಟಿಕೆಯಲ್ಲಿ ಅದರ ಎರಡು ಮೂರು ಪಾಲು ಪುಡಿ ಬರುತ್ತದೆ. ಪೊಟ್ಟಣದ ಪುಡಿ ಅಪ್ಪಟ ಬಣ್ಣವೇ ಆಗಿದ್ದರೆ ಒಂದೇ ಚಿಟಿಕೆಗೆ ಮಿತಿ ಮೀರಿದಂತಾಯಿತು. ಕ್ರಮಬದ್ಧವಾಗಿ ತಯಾರಿಸಿ ಮಾರುವ ಪುಡಿಗಳಲ್ಲಿ ಉಪ್ಪು ಮೊದಲಾದುವನ್ನು ಬೆರೆಸಿ ಬಣ್ಣವನ್ನು ತೆಳುವಾಗಿಸಿರುತ್ತಾರೆ ಎಂಬುದು ನಿಜ. ಹೆಸರಿಲ್ಲದ ಪೊಟ್ಟಣದಲ್ಲಿ ಅದನ್ನು ತಿಳಿಯುವ ಬಗೆಯೇ ಇಲ್ಲ.

ಹೆಸರಿಲ್ಲದ ಪೊಟ್ಟಣದ ಭಯ ಇಷ್ಟಕ್ಕೇ ನಿಲ್ಲುವುದಿಲ್ಲ. ಬಟ್ಟೆಗೆ, ಕಾಗದಕ್ಕೆ ಬಣ್ಣ ಕಟ್ಟುವ ರೋಡಮೈನ್-ಬಿ ಎಂಬ ಕಡುಗುಲಾಬಿ ಪುಡಿ ಮತ್ತು ಮೆಟಾನಿಲ್ ಯೆಲ್ಲೊ ಎಂಬ ಹಳದಿ ಪುಡಿ ಆಹಾರಕ್ಕೆ ಪೂರ್ತಿಯಾಗಿ ನಿಷಿದ್ಧವಾದುವು. ಅಗ್ಗವಾಗಿ ಸಿಗುತ್ತವೆ, ಚೂರು ಹಾಕಿದರೂ ಕಣ್ಣು ಕೋರೈಸುತ್ತವೆ. ಆದ್ದರಿಂದ ಕಳ್ಳದಾರಿಯಲ್ಲಿ ತಿಂಡಿಗೆ ಬಂದು ಸೇರುತ್ತವೆ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಜಾತ್ರೆಗಳಲ್ಲಿ ಮಾರುವ ಬೊಂಬಾಯಿ ಮಿಠಾಯಿಯ ಮಾದರಿಗಳನ್ನೂ ಗೋಬಿ ಮಂಚೂರಿಯ ಮಾದರಿಗಳನ್ನೂ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಮಿಠಾಯಿಯ 25 ಮಾದರಿಗಳಲ್ಲಿ 15, ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದವು. ರೋಡಮೈನ್-ಬಿ ಬಳಕೆಯನ್ನೂ ಗೋಬಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 7 ವರ್ಷಗಳವರೆಗೆ ಸೆರೆವಾಸ, 10 ಲಕ್ಷ ರೂಪಾಯಿಗಳವರೆಗೆ ದಂಡವೆಂದು ಸಾರಲಾಯಿತು. ಅದೇ ವರ್ಷ ಬೆಂಗಳೂರಿನ ಬೇಕರಿಗಳಿಂದ ತಂದ ಕೇಕುಗಳ ಸರದಿಯೂ ಬಂದಿತು. 235 ಮಾದರಿಗಳಲ್ಲಿ 223 ನಿರಪಾಯವಾಗಿದ್ದವು; 12ರಲ್ಲಿ ಕೃತಕ ಬಣ್ಣಗಳು ಅಪಾಯಕರವಾಗಿದ್ದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಎಂಬ ಕೇಕುಗಳ ಬಗ್ಗೆ ಇಲಾಖೆ ಹೆಸರು ಹಿಡಿದು ಎಚ್ಚರಿಸಿತು. ಇನ್ನೂರಕ್ಕೆ ಮಿಕ್ಕಿ ಒಳ್ಳೆಯವೇ ಇದ್ದವಲ್ಲ ಎಂದು ಸಮಾಧಾನಪಡಬಹುದು. ಆದರೆ ಬೇಕರಿಯ ಕೇಕನ್ನು ಪರೀಕ್ಷಿಸುವವರಿದ್ದಾರೆ, ನಮ್ಮ ಮನೆಯ ಕೇಕನ್ನು ಪರೀಕ್ಷಿಸುವವರು ನಾವೇ.

ಅನುಮತಿಯಿರುವ ಬಣ್ಣವನ್ನು ಮಿತಿಯಲ್ಲಿ ಹಾಕಿದರೆ ಯೋಚನೆಯಿಲ್ಲವೆ? ಇಲ್ಲಿ ತಿಳಿದವರಲ್ಲಿಯೂ ಒಮ್ಮತವಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮತ್ತು ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಇಂತಹ ಬಣ್ಣಗಳ ಮಿಶ್ರಣವನ್ನೂ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವನ್ನೂ ಪಾನೀಯದಲ್ಲಿ ಕೊಟ್ಟು ನೋಡಿ, ಕೆಲವರಲ್ಲಿ ಚಂಚಲತೆ ಹೆಚ್ಚಿದುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲ ಮಕ್ಕಳಿಗೂ ಹೀಗಾಗುತ್ತದೆಂದು ಅದರ ಅರ್ಥವಲ್ಲ. ಆದರೂ ಐರೋಪ್ಯ ಒಕ್ಕೂಟ 2010ರ ಜುಲೈನಿಂದ ಅಂತಹ ಆರು ಬಣ್ಣಗಳಿರುವ ತಿನಿಸಿನ ಮೇಲೆ ಮಕ್ಕಳ ನಡವಳಿಕೆ ಮತ್ತು ಏಕಾಗ್ರತೆಗೆ ತೊಂದರೆಯಾಗಬಹುದೆಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್, ಪಾನ್ಸೊ ಈ ನಾಲ್ಕೂ ಆ ಆರರಲ್ಲಿ ಸೇರಿವೆ. ಅಮೆರಿಕವು 2025ರ ಜನವರಿಯಲ್ಲಿ ಎರಿತ್ರೊಸಿನ್‌ಗೆ ಆಹಾರದಲ್ಲಿ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು.

ಒಂದು ಲೆಕ್ಕವನ್ನು ನೋಡೋಣ. ಪಾನ್ಸೊ ಬಣ್ಣಕ್ಕೆ ಐರೋಪ್ಯ ಆಹಾರ ಸುರಕ್ಷಾ ಸಂಸ್ಥೆ 2009ರಲ್ಲಿ ಇಟ್ಟ ದಿನದ ಮಿತಿ ದೇಹತೂಕದ ಪ್ರತಿ ಕಿಲೋಗೆ 0.7 ಮಿಲಿಗ್ರಾಂ. ಹದಿನೈದು ಕಿಲೋ ತೂಗುವ ಮಗುವಿಗೆ ಅದು ಹತ್ತೂವರೆ ಮಿಲಿಗ್ರಾಂ ಆಗುತ್ತದೆ. ನಮ್ಮ ಕಾನೂನಿನ ಮಿತಿಯನ್ನು ಮೀರದೆ ಬಣ್ಣ ಹಾಕಿದ ಕೇಕಿನ ನೂರು ಗ್ರಾಂ ತುಂಡಿನಲ್ಲಿ ಹತ್ತು ಮಿಲಿಗ್ರಾಂ ಇರಬಹುದು. ಹುಟ್ಟುಹಬ್ಬದ ಮಗು ಒಂದೇ ತುಂಡಿಗೆ ನಿಲ್ಲುವುದುಂಟೆ? ಅಳತೆಯಿಲ್ಲದೆ ಸುರಿದ ಬಣ್ಣವಾದರೆ ಲೆಕ್ಕ ಎಲ್ಲಿಗೆ ಹೋಗುತ್ತದೆಂಬುದನ್ನು ತಾಯಂದಿರೇ ಹಾಕಿಕೊಳ್ಳಬಹುದು.

ಇನ್ನು ನಮ್ಮ ಆಚಾರಕ್ಕೆ ನೇರವಾಗಿ ತಾಗುವ ವಿಷಯ. ‘ಪ್ರಾಕೃತಿಕ ಬಣ್ಣ’ ಎಂದು ಬರೆದದ್ದೆಲ್ಲ ಗಿಡಮರದಿಂದ ಬಂದುದಲ್ಲ. ಕಾರ್ಮೈನ್ ಎಂಬ ಸೊಗಸಾದ ಕೆಂಪು, ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದುದು. ಸ್ವಲ್ಪ ಬಣ್ಣಕ್ಕೆ ಸಾವಿರಾರು ಕೀಟಗಳು ಬೇಕು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಇದು ದೊಡ್ಡ ಉದ್ಯಮ. ಕೃತಕ ಬಣ್ಣ ಬೇಡವೆಂದು ದುಬಾರಿಯ ವಿದೇಶಿ ಸೀಸೆಯನ್ನು ತರಿಸುವವರು ಈ ಬಲೆಗೆ ಬೀಳುವುದು ಸುಲಭ. ಸೀಸೆಯ ಮೇಲೆ ಕಾರ್ಮೈನ್, ಕೊಚಿನೀಲ್ ಎಂದೋ ಇ120, ಐಎನ್‌ಎಸ್ 120 ಎಂದೋ ಬರೆದಿರುತ್ತದೆ. ಇಲ್ಲೊಂದು ಹೆಸರಿನ ತೊಡಕೂ ಉಂಟು. 122ರ ಕಾರ್ಮೋಸಿನ್ ಕಾರ್ಖಾನೆಯ ಬಣ್ಣ, ಕೀಟದ್ದಲ್ಲ. 132ರ ಇಂಡಿಗೊ ಕಾರ್ಮೈನ್ ಹೆಸರಿನಲ್ಲಿ ಮಾತ್ರ ಕಾರ್ಮೈನ್. ಅದೂ ಕಾರ್ಖಾನೆಯ ನೀಲಿಯೇ. ಆದ್ದರಿಂದ ಹೆಸರಿಗಿಂತ ಅಂಕಿಯನ್ನು ನೋಡುವುದು ವಾಸಿ. ನಮ್ಮ ದೇಶದ ನಿಯಮದಂತೆ ಮೊಟ್ಟೆಯಾಗಲಿ ಕೀಟವಾಗಲಿ ಸೇರಿದ್ದು ಮಾಂಸಾಹಾರವೇ. ಹಸಿರು ಚುಕ್ಕೆಯ ಬದಲು ಕಂದು ತ್ರಿಕೋನದ ಗುರುತು ಇರಬೇಕು. ಕೇಕಿನ ಮೇಲೆ ಹೊದಿಸುವ ಮೆತ್ತನೆಯ ಸಕ್ಕರೆ ಹಾಳೆ, ಅಲಂಕಾರದ ಜೆಲ್ಲಿ ಇವುಗಳನ್ನು ಕೊಳ್ಳುವಾಗಲೂ ಗುರುತನ್ನು ನೋಡಬೇಕು. ಕೆಲವಕ್ಕೆ ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಹಾಕಿರುತ್ತಾರೆ. ಮೊಟ್ಟೆ ಬಾರದಿರಲೆಂದು ಮನೆಯಲ್ಲಿ ಕೇಕು ಮಾಡಿ, ಮೇಲೆ ಕೀಟದ ಕೆಂಪನ್ನು ಸವರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಹಾಗಾದರೆ ಬಣ್ಣವೇ ಬೇಡವೆ? ಮಕ್ಕಳ ಸಂತೋಷವನ್ನು ಕಸಿಯುವುದು ಬೇಕಿಲ್ಲ. ನಮ್ಮ ಅಡಿಗೆಮನೆಯಲ್ಲಿಯೇ ಬಣ್ಣಗಳಿವೆ. ಆದರೆ ಅವಕ್ಕೆ ಒಂದೊಂದಕ್ಕೂ ಒಂದೊಂದು ಸ್ವಭಾವ; ಅದನ್ನರಿಯದೆ ಹಾಕಿ, ಕೇಕು ಕೆಟ್ಟಿತೆಂದು ಮತ್ತೆ ಪೊಟ್ಟಣಕ್ಕೆ ಮರಳುವವರೇ ಹೆಚ್ಚು.

ಅರಿಶಿನವನ್ನೇ ನೋಡಿ. ಆರತಿಯ ಓಕುಳಿಗೆ ನೀರಿನಲ್ಲಿ ಅರಿಶಿನ ಕದಡಿ ಚೂರು ಸುಣ್ಣ ಹಾಕಿದೊಡನೆ ಕೆಂಪಾಗುವುದನ್ನು ಚಿಕ್ಕಂದಿನಿಂದ ಕಂಡಿದ್ದೇವೆ. ಕೇಕಿನೊಳಗಿನ ಸೋಡಾವೂ ಸುಣ್ಣದಂತೆಯೇ ಕ್ಷಾರಗುಣದ್ದು. ಹಳದಿ ಕೇಕು ಬರಲೆಂದು ಅರಿಶಿನ ಹಾಕಿದಾಗ ಅಲ್ಲಲ್ಲಿ ಕೆಂಗಂದು ಮಚ್ಚೆ ಬಿದ್ದರೆ ಅದಕ್ಕೆ ಕಾರಣ ಸೋಡಾ ಹೆಚ್ಚಾದುದು, ಇಲ್ಲವೆ ಸರಿಯಾಗಿ ಬೆರೆಯದಿದ್ದುದು. ಸೋಡಾವನ್ನು ತಗ್ಗಿಸಿ, ಹುಳಿ ಮೊಸರನ್ನು ಸ್ವಲ್ಪ ಮುಂದಾಗಿ ಹಾಕಿದರೆ ಹಳದಿ ಹಳದಿಯಾಗಿಯೇ ನಿಲ್ಲುತ್ತದೆ. ಅರ್ಧ ಕಿಲೋ ಕೇಕಿಗೆ ಒಂದು ಚಿಟಿಕೆ ಸಾಕು; ಹೆಚ್ಚಾದರೆ ಹುಳಿಯನ್ನದ ವಾಸನೆ ಬರುತ್ತದೆ. ಅರಿಶಿನಪುಡಿಯೂ ಕಲಬೆರಕೆಯಾಗಿರಬಹುದಲ್ಲ ಎನ್ನುವವರು ಒಂದು ಲೋಟ ನೀರಿಗೆ ಅರ್ಧ ಚಮಚ ಪುಡಿ ಹಾಕಿ ಕದಡದೆ ಬಿಡಲಿ. ಒಳ್ಳೆಯ ಪುಡಿ ತಳಕ್ಕಿಳಿದು ನೀರು ತಿಳಿಹಳದಿಯಾಗುತ್ತದೆ. ಬಣ್ಣ ಬೆರೆಸಿದ್ದರೆ ನೀರು ಗಾಢ ಹಳದಿಯಾಗುತ್ತದೆ.

ಬೀಟ್‌ರೂಟಿನ ಸ್ವಭಾವ ಬೇರೆ. ಅದಕ್ಕೆ ಬೆಂಕಿ ಆಗದು, ಸೋಡಾ ಅಂತೂ ಆಗಲೇ ಆಗದು. ಗುಲಾಬಿ ಬಣ್ಣದ ಹಿಟ್ಟನ್ನು ಓವನ್ನಿಗಿಟ್ಟು, ಕಂದು ಕೇಕನ್ನು ಹೊರತೆಗೆದು ಸಪ್ಪೆ ಮೋರೆ ಹಾಕಿಕೊಂಡವರಲ್ಲಿ ನಾನೂ ಒಬ್ಬಳು. ಅದನ್ನು ಹಿಟ್ಟಿಗೆ ಹಾಕುವ ಬದಲು ಮೇಲಿನ ಕ್ರೀಮಿಗೆ ಹಾಕಬೇಕು. ಬೀಟ್‌ರೂಟನ್ನು ತೆಳ್ಳಗೆ ಹೆಚ್ಚಿ, ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಪುಡಿ ಮಾಡಿ ಬಟ್ಟೆಯಲ್ಲಿ ಜರಡಿ ಹಿಡಿದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಬೇಕಾದಾಗ ಒದಗುತ್ತದೆ. ರಸವನ್ನೇ ಹಾಕಿದರೆ ಕ್ರೀಮು ನೀರಾಗಿ ಗುಲಾಬಿಯ ಎಸಳು ನಿಲ್ಲುವುದಿಲ್ಲ. ಎರಡು ಹನಿ ನಿಂಬೆರಸ ಬಿದ್ದರೆ ಬಣ್ಣ ಇನ್ನಷ್ಟು ಚೆನ್ನಾಗಿ ಹಿಡಿಯುತ್ತದೆ.

ಹಿತ್ತಲ ಬಸಳೆಯ ಕಪ್ಪು ಹಣ್ಣನ್ನು ಹಿಸುಕಿ ಅಂಗೈಗೆ ಬಳಿದುಕೊಂಡು ಆಡಿದ್ದು ಯಾರಿಗೆ ನೆನಪಿಲ್ಲ? ಆ ನೇರಳೆಗೆಂಪು ಕ್ರೀಮಿಗೆ ಬಹಳ ಒಪ್ಪುತ್ತದೆ. ಬೇಲಿಯ ಶಂಖಪುಷ್ಪದ ನಾಲ್ಕು ಹೂಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ನೀಲಿ ಬಿಡುತ್ತದೆ. ನಿಂಬೆಹುಳಿ ತಾಗಿದರೆ ಊದಾ ಆಗುತ್ತದೆ. ಮಕ್ಕಳ ಮುಂದೆ ಮಾಡಿ ತೋರಿಸಿದರೆ ಕೇಕಿಗಿಂತ ಅದೇ ಅವರಿಗೆ ಹೆಚ್ಚು ಮೋಜು. ಹಸಿರಿಗೆ ಪಾಲಕ್ ಸೊಪ್ಪು ಇದೆ. ಬೆಂದಾಗ ಅದು ಮಾಸಲು ಹಸಿರಾಗುತ್ತದೆಂಬುದನ್ನು ಒಪ್ಪಿಕೊಂಡೇ ಬಳಸಬೇಕು. ಕೇಸರಿಯನ್ನು ಬೆಚ್ಚನೆಯ ಹಾಲಿನಲ್ಲಿ ನೆನೆಸುವುದು ಎಲ್ಲರಿಗೂ ಗೊತ್ತು. ಕಂದು ಬಣ್ಣಕ್ಕಂತೂ ಸಕ್ಕರೆಯನ್ನು ಕಾಯಿಸಿ ಕೆಂಪಗೆ ಮಾಡಿದರಾಯಿತು. ಬೆಲ್ಲದ ಕೇಕು ತಾನಾಗಿಯೇ ಕಂದಾಗುತ್ತದೆ.

ಬೆಲ್ಲವೆಂದಾಗ ನಮ್ಮ ಜಿಲ್ಲೆಯ ಒಂದು ಮಾತನ್ನು ಹೇಳದಿರಲಾಗದು. ಕಬ್ಬಿನ ಹಾಲನ್ನು ಬೆಂಡೆಗಿಡದ ಲೋಳೆಯಿಂದ ಶುದ್ಧಿ ಮಾಡಿ ಕಾಯಿಸಿದ ಬೆಲ್ಲದ ಸಹಜ ಬಣ್ಣ ಕಂದು. ಕೊಳ್ಳುವವರು ಹೊಂಬಣ್ಣದ ಅಚ್ಚನ್ನೇ ಕೈಯಿಟ್ಟು ಆರಿಸುವುದರಿಂದ ಆಲೆಮನೆಗಳಲ್ಲಿ ‘ಹೈಡ್ರೋಸ್’ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟನ್ನು ಹಾಕಿ ಬೆಳ್ಳಗೆ ಮಾಡುವ ರೂಢಿ ಬೆಳೆಯಿತು. ಆ ಹೊಳಪು ಕೆಲವು ತಿಂಗಳಲ್ಲಿ ಕಂದಿಹೋಗುತ್ತದೆ. ಆಲೆಯವನನ್ನು ದೂರುವ ಮೊದಲು ನಾವು ಸಂತೆಯಲ್ಲಿ ಯಾವ ಅಚ್ಚಿನ ಮೇಲೆ ಕೈಯಿಟ್ಟೆವೆಂಬುದನ್ನು ನೆನೆಯಬೇಕಾಗುತ್ತದೆ.

ಕೇಕಿನ ವಿಚಾರದಲ್ಲಿಯೂ ಹೀಗೆಯೇ. ನಮ್ಮ ಸಮಾಜದ ಎಷ್ಟೋ ಹೆಣ್ಣುಮಕ್ಕಳು ಇಂದು ಮನೆಯಲ್ಲಿ ಮೊಟ್ಟೆರಹಿತ ಕೇಕು ಮಾಡಿ ಮಾರುವುದನ್ನು ಕಾಯಕವಾಗಿ ಕೈಗೊಂಡಿದ್ದಾರೆ, ಸಂಸಾರಕ್ಕೆ ಆಸರೆಯಾಗಿದ್ದಾರೆ. ಕೊಳ್ಳುವವರು ಮೊಬೈಲಿನಲ್ಲಿ ಯಾವುದೋ ಚಿತ್ರವನ್ನು ತೋರಿಸಿ, ಇದೇ ಕೆಂಪು, ಇದೇ ನೀಲಿ ಬೇಕೆಂದು ಪಟ್ಟು ಹಿಡಿದರೆ ಅವರು ಏನು ಮಾಡಿಯಾರು? ಮಳವಳ್ಳಿಯ ಕಡೆಯ ಒಬ್ಬ ತಾಯಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಬೀಟ್‌ರೂಟಿನ ಗುಲಾಬಿ, ಅರಿಶಿನದ ಹಳದಿ, ಬಸಳೆಯ ನೇರಳೆ ಇವನ್ನು ಸಣ್ಣ ಬಿಸ್ಕತ್ತುಗಳ ಮೇಲೆ ಸವರಿಟ್ಟು, ಬಂದವರಿಗೆ ಮೊದಲು ಅದನ್ನೇ ತೋರಿಸುತ್ತಾರೆ. ಕೆಲವರು ಎದ್ದುಹೋಗುವುದೂ ಉಂಟಂತೆ. ಗಾಢ ಬಣ್ಣವೇ ಬೇಕೆಂದವರಿಗೆ ಹೆಸರು, ಅಂಕಿ, ಹಸಿರು ಗುರುತು ಇರುವ ಡಬ್ಬಿಯ ಬಣ್ಣವನ್ನು ಚಿನ್ನ ತೂಗುವಂತಹ ಸಣ್ಣ ತಕ್ಕಡಿಯಲ್ಲಿ ತೂಗಿ ಹಾಕುತ್ತಾರೆ, ಯಾವ ಬಣ್ಣವೆಂಬುದನ್ನು ಕೇಕಿನ ಪೆಟ್ಟಿಗೆಯ ಮೇಲೆ ಬರೆದು ಕೊಡುತ್ತಾರೆ. ಹೀಗೆ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸುವುದು 2006ರ ಕಾಯಿದೆಯಂತೆ ಅಗತ್ಯ. ಮನೆಯಲ್ಲಿ ಮಾಡುವ ಸಣ್ಣ ಕೆಲಸವೆಂದು ವಿನಾಯಿತಿಯಿಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಮರೆತು ಈ ಲೇಖನ ಮುಗಿಸಲಾಗದು. ಕೇಕಿನ ಅಲಂಕಾರ ನಮ್ಮಲ್ಲಿಗೆ ಬರುವ ಎಷ್ಟೋ ಮೊದಲೇ ಸಕ್ಕರೆಯಲ್ಲಿ ಬಸವಣ್ಣನನ್ನು, ತೇರನ್ನು, ಗಿಳಿಯನ್ನು ಎರಕ ಹೊಯ್ದವರು ನಮ್ಮ ಹಿರಿಯರು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ದಾರ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಪಾಕ ಬೆಳ್ಳಗಾಗುವಂತೆ ತಿರುವಿ ಹೊಯ್ಯುತ್ತಿದ್ದರು. ಅಂಗಡಿಯ ಕಡುಗುಲಾಬಿ ಅಚ್ಚುಗಳ ನಡುವೆ ಬಿಳಿಯ ಅಚ್ಚು ಮಕ್ಕಳಿಗೆ ಸಪ್ಪೆಯೆನಿಸುವುದುಂಟು. ಕಳೆದ ಸಂಕ್ರಾಂತಿಗೆ ನಾನು ಪಾಕವನ್ನು ಒಲೆಯಿಂದ ಇಳಿಸಿದ ಮೇಲೆ, ಹೊಯ್ಯುವುದಕ್ಕೆ ಮುಂಚೆ, ಒಂದು ಪಾಲಿಗೆ ಎರಡು ಹನಿ ನಿಂಬೆರಸ ಮತ್ತು ಅರ್ಧ ಚಮಚ ಬೀಟ್‌ರೂಟು ಪುಡಿ ಬೆರೆಸಿ ಬೇಗನೆ ಹೊಯ್ದೆ. ಬಂದದ್ದು ತಿಳಿಗುಲಾಬಿ; ಬಿಸಿಲಿಗಿಟ್ಟ ನಾಲ್ಕು ಅಚ್ಚುಗಳು ಮಾಸಿದವು, ಸ್ಟೀಲ್ ಡಬ್ಬಿಯಲ್ಲಿಟ್ಟವು ಹಬ್ಬ ಕಳೆಯುವವರೆಗೂ ಚೆನ್ನಾಗಿದ್ದವು. ಎಳ್ಳುಬೆಲ್ಲದ ತಟ್ಟೆಯಲ್ಲಿ ಒಂದು ಗುಲಾಬಿ ಬಸವಣ್ಣನನ್ನಿಟ್ಟು ಅತ್ತೆಯವರಿಗೆ ಕೊಟ್ಟೆ. “ಇದು ಯಾವುದರದು?” ಎಂದು ಈ ಸಲವೂ ಕೇಳಿದರು. ಬೀಟ್‌ರೂಟಿನದೆಂದೆ. ಅಂಗೈಯ ಲಿಂಗಕ್ಕೆ ತೋರಿಸಿ, ಬಸವಣ್ಣನ ಕೊಂಬು ಮುರಿದು ಮೊಮ್ಮಗಳ ಬಾಯಿಗಿಟ್ಟು, ಉಳಿದುದನ್ನು ತಾವು ಸ್ವೀಕರಿಸಿದರು.